ಎರಡನೇ ಜ್ವರದ ದಿನದ ಲಾಗ್

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಭೂತ ಅಂದರೆ ನಗುವವಳು ನಾನು. ಅಮ್ಮ ಕಬ್ಬಾಳಿನ ದೇವಸ್ಥಾನಕ್ಕೆ ಹೋಗಿಬಂದು ಕೈಗೆ ದಾರ ಕಟ್ಟಿದರೆ, ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟು ಅಲ್ಲೇ ಮರೆತುಬರುವ ಪೈಕಿ. ಕಂಪ್ಯೂಟರ್ ರಿಪೇರಿ ಅಂತ ರಾಮನಗರ, ಚನ್ನಪಟ್ಟಣ, ಕನಕಪುರ ಸ್ಕೂಟರಿನಲ್ಲಿ ಸುತ್ತುವವಳಿಗೆ ಅದಕ್ಕೆಲ್ಲ ಪುರುಸೊತ್ತೂ ಇರಲಿಲ್ಲ. ಈಗ ನಂಬುತ್ತೇನೆ ಅಂತಲೂ ಅಲ್ಲ. ಆದರೆ ಕೆಲವು ವರ್ಷದ ಹಿಂದೆ ಅಕ್ಕೂರಿನ ಹತ್ತಿರ, ಅದೂ ಹಾಡಹಗಲಲ್ಲಿ, ನಡೆದ ಒಂದು ಸಂಗತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಅದೊಂದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ. ಹುಳ ಪೊರೆ ಕಳಚುವ ಮುಂಚೆ ಸೊಪ್ಪು ಮುಟ್ಟದೆ ಸುಮ್ಮನೆ ಮಲಗಿಬಿಡುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳ ಜ್ವರಕ್ಕೆ ಕೂತಾಗ ಕೋಣೆ ಒಣಗಿರಬೇಕು, ತೇವ ಕೊಡುವ ಮಷೀನನ್ನು ಆಫ್ ಮಾಡಲೇಬೇಕು. ಕೋಣೆಯ ಬಿಸಿ ಎಷ್ಟು, ತೇವ ಎಷ್ಟು, ಮಷೀನು ಯಾವಾಗ ಆನ್ ಆಯಿತು, ಯಾವಾಗ ಆಫ್ ಆಯಿತು ಎಲ್ಲವೂ ಐದೈದು ನಿಮಿಷಕ್ಕೆ ಅಲ್ಲಿನ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು.

ಕಂಪ್ಯೂಟರ್ ನಿಂತುಹೋಗಿದೆ ಅಂತ ಮಾಲೀಕರು ಫೋನ್ ಮಾಡಿದರು. ಹೋಗಿ ನೋಡಿದರೆ ಡಿಸ್ಕ್ ತುಂಬಿಹೋಗಿದೆ. ಡೇಟಾಬೇಸಿನ ಲಾಗ್ ಫೈಲುಗಳು, ದಿನಕ್ಕೊಂದರಂತೆ, ರಾಶಿ ಬಿದ್ದಿದ್ದವು. ಇಂಥ ಕಸ ಎಷ್ಟು ಕಡೆ ಗುಡಿಸಿದ್ದೇನೋ. ಡೇಟಾಬೇಸ್ ಟೂಲ್ ತೆರೆದು, ಅವತ್ತಿನದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿದೆ. ಯಾರನ್ನೂ ಒಂದು ಮಾತು ಕೇಳಲಿಲ್ಲ. ಅಸಲು ಮಾಹಿತಿ ಬೇರೆ ಕಡೆ ಭದ್ರವಾಗಿರುತ್ತೆ ಅನ್ನುವ ಧೈರ್ಯ. ಆ ಪ್ರೋಗ್ರಾಂ ಮಾಡಿಕೊಟ್ಟಿದ್ದ ಪುಣ್ಯಾತ್ಮ ಎಲ್ಲವನ್ನೂ ಲಾಗಿನಲ್ಲೇ ತುಂಬಿ ಕೈ ತೊಳೆದುಕೊಂಡಿದ್ದ ಅಂತ ಗೊತ್ತಾಗಿದ್ದು ಆಮೇಲೆ.

ಆಗ ಜಯಕ್ಕ ಬಂದು ಬಾಗಿಲಲ್ಲಿ ನಿಂತಳು. ಹುಳ ನೋಡಿಕೊಳ್ಳುವವಳು, ಅಲ್ಲೇ ಕೂದಲು ನರೆಸಿಕೊಂಡವಳು. "ಮೇಡಂ, ಹೋದ್ ಸೋಮಾರದ್ದು ಐತಾ ಅದ್ರಲ್ಲಿ? ಒಸಿ ತೆಗ್ದಿಡ್ಬೇಕಂತೆ. ನಾಕ್ ಗಂಟೆಗೆ ಯಜಮಾನ್ರು ರೈತ್ರನ್ನ ಕರ್ಕೊಂಡು ಬತ್ತಾರೆ" ಅಂದಳು.

ಸಂಗತಿ ಹೀಗಿತ್ತು. ಆ ಸೋಮವಾರ ಎರಡನೇ ಜ್ವರಕ್ಕೆ ಕೂತ ಹುಳಗಳು ರೈತರ ಮನೆಗೆ ಹೋದಮೇಲೆ ಏಳಲೇ ಇಲ್ಲ, ಮುಕ್ಕಾಲು ಪಾಲು ಸತ್ತವು. ಜಯಕ್ಕ ಮಷೀನು ಆಫ್ ಮಾಡಿಲ್ಲ ಅಂತ ಒಬ್ಬರು, ಅವಳ ಕೈಗುಣವೇ ಕೆಟ್ಟಿದೆ ಅಂತ ಇನ್ನೊಬ್ಬರು. ಕೈಗುಣ ಸರಿಯಿಲ್ಲ ಅಂತ ಒಂದು ಸಲ ಹೆಸರು ಬಂದರೆ ಮುಗಿಯಿತು, ಸುತ್ತ ಯಾವ ಊರಿನಲ್ಲೂ ಹುಳದ ತಟ್ಟೆ ಮುಟ್ಟಗೊಡುವುದಿಲ್ಲ. ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಸಾಕ್ಷಿ ಅಂತ ಇದ್ದದ್ದು ನಾನು ಆಗತಾನೆ ಅಳಿಸಿದ ಆ ಫೈಲು.

"ಇದೆ, ತೆಗೀತೀನಿ" ಅಂದುಬಿಟ್ಟೆ, ನಾಚಿಕೆಯಿಲ್ಲದೆ. ಅವಳು ಸೊಪ್ಪು ಹೆಚ್ಚಲು ಹಿತ್ತಲಿಗೆ ಹೋದಳು. ಅಳಿಸಿದ್ದನ್ನು ವಾಪಸು ತರಲು ಗೊತ್ತಿದ್ದ ವಿದ್ಯೆಯೆಲ್ಲ ಪ್ರಯೋಗಿಸಿದೆ. ಏನೂ ಸಿಗಲಿಲ್ಲ, ಬ್ಯಾಕಪ್ಪೂ ಇರಲಿಲ್ಲ. ಕೊನೆಗೆ, ನಿಮ್ಮ ಹತ್ತಿರ ಮುಚ್ಚಿಡುವುದೇನು, ಒಂದು ಸುಳ್ಳು ಫೈಲು ನಾನೇ ಬರೆದುಬಿಡೋಣ ಅಂದುಕೊಂಡೆ. ಬೆಳಗ್ಗೆ ಮಷೀನು ಆಫ್ ಆಯಿತು ಅಂತ ಒಂದು ಸಾಲು ಸಾಕು. ಆದರೆ ಒಂದಕ್ಷರವನ್ನೂ ಒತ್ತಲಿಲ್ಲ. ಎದ್ದು ಹೊರಗೆ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದೆ. ಐದು ನಿಮಿಷವೂ ಆಗಿರಲಿಲ್ಲ.

ಬಂದು ಕೂತರೆ ಒಂದಿದ್ದ ಕಡೆ ಎರಡು ಫೈಲು. ಎರಡನೆಯದು ಆ ಸೋಮವಾರದ್ದು.

ತೆರೆದೆ. ಬೆಳಗ್ಗೆ ಆರೂ ಹನ್ನೆರಡಕ್ಕೆ ಮಷೀನು ಆಫ್. ಅಲ್ಲಿಂದ ಮುಂದೆ ಐದೈದು ನಿಮಿಷಕ್ಕೆ ಒಂದೊಂದು ಸಾಲು, ತೇವ ಎಂಬತ್ತೆಂಟರಿಂದ ಮೆಲ್ಲಗೆ ಇಳಿದು ಅರವತ್ತೈದರ ಆಸುಪಾಸಿಗೆ ಬಂದು ನಿಂತಿತ್ತು. ಇನ್ನೂರಕ್ಕೂ ಹೆಚ್ಚು ಸಾಲು. ಟೂಲಿನ ಹಿಸ್ಟರಿ ನೋಡಿದೆ. ನನ್ನ ಹೆಸರಿನಲ್ಲಿ ಅಳಿಸಿದ್ದು ಇತ್ತು, ಆಮೇಲೆ ಯಾರೂ ಏನೂ ಸೇರಿಸಿರಲಿಲ್ಲ. ಆ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ. ಕೋಣೆಗಿದ್ದದ್ದು ಒಂದೇ ಬಾಗಿಲು, ನಲ್ಲಿ ಅದರ ಎದುರಿಗೇ. ಪಕ್ಕದ ಕೋಣೆಯಿಂದ ಹುಳ ಸೊಪ್ಪು ತಿನ್ನುವ ಸರಸರ ಸದ್ದು ಮಾತ್ರ ಕೇಳುತ್ತಿತ್ತು.

ನಾಲ್ಕು ಗಂಟೆಗೆ ಎಲ್ಲರೂ ಬಂದು ಕಣ್ಣಾರೆ ನೋಡಿದರು. ಮಾಲೀಕರು ಮೊಟ್ಟೆಯೇ ಸರಿಯಿರಲಿಲ್ಲ ಅಂದರು. ರೈತರು ಗೊಣಗಿಕೊಂಡು ಹೋದರು. ಜಯಕ್ಕನ ಕೆಲಸ ಉಳಿಯಿತು. ಹೇಗಾದರೂ ಇರಲಿ, ಅಳಿಸಿದ್ದು ಎಲ್ಲೋ ಮೂಲೆಯಲ್ಲಿ ಉಳಿದಿದ್ದು ತಾನಾಗಿ ಮೇಲೆ ಬಂತು, ಕಂಪ್ಯೂಟರಿನಲ್ಲಿ ಎಲ್ಲವೂ ನಮಗೆ ಗೊತ್ತಿರುತ್ತದೆಯೆ ಅಂತ ಸಮಾಧಾನ ಮಾಡಿಕೊಂಡು ಹೊರಟೆ. ಅಲ್ಲಿಗೇ ಮುಗಿದಿದ್ದರೆ ಇದನ್ನು ನಿಮಗೆ ಹೇಳುತ್ತಲೇ ಇರಲಿಲ್ಲ.

ಸ್ಕೂಟರ್ ಸ್ಟಾರ್ಟ್ ಮಾಡುವಾಗ ಜಯಕ್ಕ ಹಿಂದೆಯೇ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅಳುತ್ತಿದ್ದಳು.

"ಅವತ್ತು ನಾನು ಮಷೀನು ಆಫ್ ಮಾಡಿರ್ನಿಲ್ಲ ಕಣವ್ವ. ಮರ್ತ್‌ಬುಟ್ಟಿದ್ದೆ. ಮಾರ್ನೆ ದಿನ ಬೆಳಗ್ಗೆ ನೋಡ್ದಾಗ್ಲೂ ಓಡ್ತಾನೇ ಇತ್ತು. ನಿಮ್ಮ ಋಣ ಹೆಂಗ್ ತೀರುಸ್ಲಿ, ಇಷ್ಟೊಂದು ಸುಳ್ಳು ನಂಗೋಸ್ಕರ ಬರದ್ರಲ್ಲ."

ನಾನಲ್ಲ ಅಂದೆ. ಅವಳು ನಂಬಲಿಲ್ಲ. ಈಗಲೂ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಹಾಗೇ ಕೈ ಹಿಡಿದುಕೊಳ್ಳುತ್ತಾಳೆ. ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೆ ನಿಮಗೆ ಹೇಳುತ್ತಿದ್ದೇನೆ, ಅದರಲ್ಲಿ ಒಂದಕ್ಷರವನ್ನೂ ನಾನು ಬರೆದಿಲ್ಲ. ಬರೆಯಬೇಕು ಅಂತ ಅಂದುಕೊಂಡಿದ್ದೆ, ಅಷ್ಟೇ.