ಗಾಡಿಯ ಮೇಲೆ ಕುರಿಯ ಗುರುತು

ಇಂದು ಮಾಡಿದ ಕೆಲಸ: ನಸುಕಿನಲ್ಲಿ ನಳ ಬಂತು, ಎರಡು ಡ್ರಮ್ಮು, ಎಲ್ಲ ಕೊಡ ತುಂಬಿಸಿದೆ. ಜೋಳದ ಹಿಟ್ಟು ನಾದಿ ಸಂಜೆಗೂ ಸಾಕಾಗುವಷ್ಟು ರೊಟ್ಟಿ ಬಡಿದೆ. ಪುಂಡಿ ಪಲ್ಯ ಮಾಡಿದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಮಗುಚಿ ಹಾಕಿದೆ. ಮಗಳ ತಲೆಗೆ ಎಣ್ಣೆ ಹಚ್ಚಿದೆ. ಭಾಲ್ಕಿಗೆ ಹೋಗಿ ಗಾಡಿ ನೋಡಿದೆವು. ಅದರ ಮುಂದಿನ ದೀಪ ಒಡೆದೆ. ಮನೆಗೆ ಬಂದು ಭಾವನ ದವಡೆಗೆ ಅರಿಶಿನ ಬಿಸಿ ಮಾಡಿ ಕಟ್ಟಿದೆ. ಮೆಣಸಿನಕಾಯಿ ಒಳಗೆ ತಂದೆ.

ಗಾಡಿಯ ವಿಷಯ ನಮ್ಮ ಮನೆಯಲ್ಲಿ ಶುರುವಾಗಿದ್ದು ಫೋನಿನಿಂದ. ನಮ್ಮ ಮನೆಯವರು ಇಲ್ಲೇ ಬೀದರಿನ ಕೊಳಾರದ ಕಾರ್ಖಾನೆಯಲ್ಲಿ ಸೂಪರ್‌ವೈಜರ್ ಆಗಿದ್ದವರು, ಕೆಲಸ ಬಿಟ್ಟ ಮೇಲೆ ದಿನವಿಡೀ ಫೋನಿನಲ್ಲಿ ವಿಡಿಯೊ ನೋಡುತ್ತ ಕೂರತೊಡಗಿದರು. ಗಾಡಿಯೊಳಗೇ ಹಾಸಿಗೆ, ಗಾಡಿಯೊಳಗೇ ಗ್ಯಾಸು, ನೀರಿನ ಟಾಕಿ. ಗಂಡ ಹೆಂಡತಿ ಮಕ್ಕಳು ಅದರಲ್ಲೇ ಊರೂರು ತಿರುಗುತ್ತಾರೆ, ಹೊಳೆದಂಡೆಯ ಮೇಲೆ ನಿಲ್ಲಿಸಿ ಚಹಾ ಕಾಸುತ್ತಾರೆ. ಇವರ ಈ ಹುಚ್ಚು ನನಗೆ ಹೊಸದೇನಲ್ಲ ಅನಿಸಿತ್ತು. ಇವರು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರು. ಸಂತಪುರದ ಕಡೆಯಿಂದ ಕುರಿಗಳ ಹಿಂದೆ ಗೋದಾವರಿಯ ತನಕ ನಡೆಯುತ್ತಿದ್ದರಂತೆ. ಕುದುರೆಯ ಬೆನ್ನ ಮೇಲೆ ಇಡೀ ಮನೆ, ಆ ಸಾಮಾನಿನ ಮೇಲೆ ಕಾಲು ಕಟ್ಟಿದ ಕೋಳಿ. ಈಗ ಕುದುರೆಯ ಬದಲು ಗಾಡಿ, ಅಷ್ಟೆ.

ನನಗೂ ತಿರುಗುವ ಆಸೆ ಇತ್ತು. ಆದರೆ ಹೊಸ ಗಾಡಿ ಬೇಡವಾಗಿತ್ತು.

ಯಾಕೆಂದು ಬರೆಯುತ್ತೇನೆ. ಇವರು ಕುಡಿಯುವವರಲ್ಲ, ಸಟ್ಟಾ ಆಡುವವರಲ್ಲ. ಇವರ ಕೈ ಏಳುವುದು ಹೊಸ ಸಾಮಾನು ಮನೆಗೆ ಬಂದಾಗ. ಹೊಸ ಬೈಕು ತಂದ ವಾರದಲ್ಲೇ ಮಗಳು ತನ್ನ ಸೈಕಲ್ಲನ್ನು ಅದಕ್ಕೆ ಒರಗಿಸಿದಳು, ಟಾಕಿಯ ಮೇಲೆ ಒಂದು ಗೀರು ಬಿತ್ತು. ಆಗಿನ್ನೂ ಮೂರನೇ ಇಯತ್ತೆಯ ಕೂಸು. ಬೆಲ್ಟಿನ ಬಕ್ಕಲ್ಲು ಹುಬ್ಬಿಗೆ ತಾಗಿ ಸೀಳಿತು, ಈಗಲೂ ಅಲ್ಲಿ ಕೂದಲು ಬೆಳೆಯುವುದಿಲ್ಲ. ಮನೆಯ ನೆಲಕ್ಕೆ ಹೊಸ ಫರ್ಶಿ ಕಲ್ಲು ಹಾಕಿಸಿದ ಮೇಲೆ ನನ್ನ ಕೈಯಿಂದ ಕುಟ್ಟುವ ಹಾರೆ ಜಾರಿ ಒಂದು ಕಲ್ಲು ಸೀಳಿತು. ನನ್ನ ಕೈಯನ್ನು ಬೆನ್ನಿಗೆ ತಿರುವಿ ಆ ಸೀಳಿನ ಮೇಲೆ ಮುಖ ಒತ್ತಿ ಹಿಡಿದು, 'ನೋಡು, ಛಲೋ ನೋಡು' ಅಂದರು. ಹಿಟ್ಟು ನಾದುವಾಗ ಆ ಭುಜ ಇಂದಿಗೂ ಹಿಡಿದುಕೊಳ್ಳುತ್ತದೆ. ಹೊಸ ಫ್ರಿಜ್ಜಿನದು ಬರೆಯುವುದಿಲ್ಲ.

ಹಳೆಯ ಸಾಮಾನಿನ ಮುಂದೆ ಇದೇ ಮನುಷ್ಯ ಬೇರೆ. ಅವರಪ್ಪನ ಕಂಬಳಿಗೆ ತೂತು ಬಿದ್ದರೆ ತಾವೇ ದಬ್ಬಣ ಹಿಡಿದು ಹೊಲಿಯುತ್ತಾರೆ. ನಾವು ಬಾಡಿಗೆಗಿದ್ದ ಸೋರುವ ಮನೆಯಲ್ಲಿ ಒಂದು ದಿನವೂ ಕೈ ಎತ್ತಲಿಲ್ಲ. ಇದನ್ನು ನಾನೂ ಮಗಳೂ ಎಂದೂ ಬಾಯಿಬಿಟ್ಟು ಆಡಿದವರಲ್ಲ. ಆದರೆ ಮನೆಗೆ ಹೊಸ ಡಬ್ಬ ಬಂದರೆ ಮಗಳು ತನ್ನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ.

ಶುಕ್ರವಾರ ಬೀದರಿನ ಶೋರೂಮಿಗೆ ಹೋಗಿದ್ದೆವು. ಖಾಲಿ ವ್ಯಾನು ತಗೊಂಡು, ಕೊಳಾರದ ಒಂದು ಶೆಡ್ಡಿನಲ್ಲಿ ಒಳಗೆಲ್ಲ ಹಾಸಿಗೆ, ಒಲೆಕಟ್ಟೆ ಕೂರಿಸುವುದು ಇವರ ಲೆಕ್ಕ. ಬೆಳ್ಳಗೆ ಹೊಳೆಯುತ್ತ ನಿಂತಿತ್ತು. ಮಗಳು ಬಾಗಿಲು ಹಿಡಿದು ಒಳಗೆ ಬಗ್ಗಿ ನೋಡಿದಳು.

'ಕೈ ಹಚ್ಚಬ್ಯಾಡ' ಅಂದರು ಇವರು.

ಅವಳು ಕೈ ತೆಗೆದಳು. ಬೆರಳಿನ ಗುರುತು ಉಳಿಯಿತು. ಇನ್ನೂ ಕೊಂಡಿರದ ಗಾಡಿ, ಮಂದಿಯ ಗಾಡಿ. ಇವರು ತಮ್ಮ ಅಂಗಿಯ ಚುಂಗಿನಿಂದ ಆ ಗುರುತನ್ನು ಒರೆಸಿದರು. ಒರೆಸುತ್ತ ಮಗಳನ್ನು ನೋಡಿದ ನೋಟ ನನಗೆ ಗೊತ್ತಿದ್ದದ್ದೇ.

ಮನೆಗೆ ಬಂದು ಚಹಾ ಕೊಡುತ್ತ ಹೇಳಿದೆ: 'ಹಳೇದು ತಗೊಳ್ಳೋಣ್ರಿ.'

'ಯಾಕ?'

'ಹಂಗೇ.'

'ಹಂಗೇ ಅಂದ್ರ? ಹುಟ್ಟಿದಾಗಿಂದ ಮಂದಿ ಬಿಟ್ಟಿದ್ದೇ ಹಾಕ್ಕೊಂಡೀನಿ, ಮಂದಿ ಹೊದ್ದಿದ್ದೇ ಹೊದ್ದೀನಿ. ಈಗರೇ ಒಂದು ನಂದು ಅಂತ ತಗೋಬಾರ್ದಾ?'

ನಾನು ಒಳಗೆ ಹೋದೆ. ಭಾವನಿಗೆ ಫೋನು ಮಾಡಿದೆ. ಇವರ ಅಣ್ಣ, ಇನ್ನೂ ಸಂತಪುರದಲ್ಲಿ ಕುರಿ ಕಾಯುತ್ತಾರೆ, ಔರಾದ ಸಂತೆಯಲ್ಲಿ ಕುರಿ ವ್ಯಾಪಾರ ಮಾಡುತ್ತಾರೆ. ಭಾಲ್ಕಿಯಲ್ಲಿ ಒಬ್ಬರು ಅಂಥದೇ ಹಳೆಯ ಗಾಡಿ ಮಾರುತ್ತಾರೆಂದು ಅವರೇ ಪತ್ತೆ ಹಚ್ಚಿದರು. 'ನೋಡಿ ಬರೋಣ, ನೋಡಾಕ ರೊಕ್ಕ ಬೀಳಂಗಿಲ್ಲ' ಎಂದು ತಮ್ಮನನ್ನು ಒಪ್ಪಿಸಿದರು. ಇಂದು ಬೆಳಿಗ್ಗೆ ಔರಾದದ ಬಸ್ಸಿಗೆ ಬಂದಿಳಿದರು. ತಲೆಗೆ ರುಮಾಲು, ಹೆಗಲಿಗೆ ಚೀಲ. ಆ ಚೀಲದಲ್ಲಿ ಯಾವಾಗಲೂ ಕತ್ತರಿ, ಸುಣ್ಣದ ಡಬ್ಬಿ, ಕುರಿಗೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿ.

ಆ ಬಣ್ಣದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕುರಿ ಸಂತೆಯಲ್ಲಿ ಮಾತು ಮುಗಿಯಿತೆಂದರೆ ಕೊಂಡವನು ಡಬ್ಬಿಯಲ್ಲಿ ಬೆರಳದ್ದಿ ಕುರಿಯ ಬೆನ್ನ ಮೇಲೆ ತನ್ನ ಮನೆತನದ ಗುರುತು ಎಳೆಯುತ್ತಾನೆ. ಇವರದು ಮೂರು ಗೆರೆ. ಗುರುತು ಬಿದ್ದ ಮೇಲೆ ಮಾರಿದವನು ಬೇರೆಯವರಿಗೆ ಕೊಡುವಂತಿಲ್ಲ, ಕೊಂಡವನು ಒಲ್ಲೆ ಅನ್ನುವಂತಿಲ್ಲ. ದಾರಿಯಲ್ಲಿ ಆ ಕುರಿಯ ಕಾಲು ಮುರಿದರೂ ಅದು ಕೊಂಡವನದೇ.

ಮಗಳನ್ನೂ ಕರೆದುಕೊಂಡು ನಾಲ್ವರೂ ಬಸ್ಸಿನಲ್ಲಿ ಭಾಲ್ಕಿಗೆ ಹೋದೆವು. ಗಾಡಿಯವರ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಮಾರುವವನು ಇನ್ನೂ ಪ್ರಾಯದವನು. ತಾಯಿಯನ್ನು ಪಂಢರಪುರಕ್ಕೆ ಕರೆದೊಯ್ಯಲೆಂದು ವ್ಯಾನಿಗೆ ಹಾಸಿಗೆ, ಒಲೆಕಟ್ಟೆ ಮಾಡಿಸಿದ್ದನಂತೆ; ಈಗ ತಾಯಿಗೆ ಹತ್ತಿ ಇಳಿಯಲು ಆಗುವುದಿಲ್ಲ. ಅವನ ಹೆಂಡತಿ ನನ್ನನ್ನು ಒಳಗೆ ಹತ್ತಿಸಿದಳು. ಒಲೆಕಟ್ಟೆಯ ಹಿಂದಿನ ತಗಡಿನ ಮೇಲೆ ಒಗ್ಗರಣೆ ಸಿಡಿದ ಕಲೆ. ಹಾಸಿಗೆಯ ರೆಕ್ಸಿನ್ ಎರಡು ಕಡೆ ಹರಿದಿತ್ತು. ಬಾಗಿಲಲ್ಲೊಂದು ತಗ್ಗು.

'ಎಮ್ಮಿ ಹಾಯ್ದಿದ್ದು, ಅಕ್ಕಾರ' ಅಂದಳು ಅವಳು ನಾಚಿ.

'ಇರಲಿ ಬಿಡವ್ವ' ಅಂದೆ. ನನಗೆ ಆ ತಗ್ಗನ್ನು ಸವರಬೇಕೆನಿಸಿತು. ಇಡೀ ಗಾಡಿಯಲ್ಲಿ ನನಗೆ ಹಿಡಿಸಿದ್ದು ಅದೇ.

ಭಾವ ಕುರಿ ನೋಡಿದ ಹಾಗೇ ಗಾಡಿ ನೋಡಿದರು. ಪಕ್ಕೆ ಬಡಿದರು, ಕೆಳಗೆ ನುಸುಳಿ ನೋಡಿದರು, ಬಾನೆಟ್ಟು ಎತ್ತಿಸಿ ಮೂಸಿದರು. 'ಇದರ ಹಲ್ಲು ಎಲ್ಲಿರ್ತಾವೋ ತಮ್ಮಾ?' ಎಂದು ಕೇಳಿ ತಾವೇ ನಕ್ಕರು. ಮನೆಯವರು ಮಾತ್ರ ಹಾಸಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. 'ಮಂದಿ ಬೆವರಿನ ವಾಸನಿ' ಎಂದು ಇಳಿದು, ಓಣಿಯ ತುದಿಗೆ ಹೋಗಿ ಶೋರೂಮಿನವರಿಗೆ ಫೋನು ಹಚ್ಚಿದರು. ನಾಳೆ ಬರುತ್ತೇನೆ, ಗಾಡಿ ಹಿಡಿದಿಡಿ ಅನ್ನುತ್ತಿದ್ದದ್ದು ಇಲ್ಲಿಯ ತನಕ ಕೇಳುತ್ತಿತ್ತು.

ಅಷ್ಟರಲ್ಲಿ ಇತ್ತ ಭಾವ ಚೌಕಾಶಿ ಮುಗಿಸಿದ್ದರು. 'ಆಯ್ತು ಕಾಕಾ, ನೀವು ಹೇಳಿದ್ದೇ ಆಗಲಿ' ಅಂದ ಗಾಡಿ ಮಾರುವ ಹುಡುಗ. ಅಂದದ್ದೇ ತಡ, ಭಾವ ಚೀಲದಿಂದ ಡಬ್ಬಿ ತೆಗೆದು, ಹೆಬ್ಬೆರಳು ಅದ್ದಿ, ಹಿಂಬಾಗಿಲ ಮೇಲೆ ಮೂರು ಕೆಂಪು ಗೆರೆ ಎಳೆದುಬಿಟ್ಟರು.

'ಏ ಕಾಕಾ! ಏನ್ ಮಾಡ್ಲತ್ತೀರಿ? ಗಾಡಿ ಎಲ್ಲಾ ಹೊಲಸು ಮಾಡಿದ್ರಲ್ಲ!' ಎಂದು ಹುಡುಗ ಅವರ ಕೈ ಹಿಡಿದೆಳೆದ.

'ಹೊಲಸಲ್ಲೋ, ಗುರುತು. ಇನ್ನ ಇದು ನಮ್ಮದು.'

ಇವರು ಫೋನು ಜೇಬಿಗಿಟ್ಟು ಬಂದರು. ಬಾಗಿಲು ನೋಡಿದರು, ಅಣ್ಣನ ಬೆರಳು ನೋಡಿದರು. ಮುಷ್ಟಿ ಬೀಸಿದರು. ದವಡೆಗೆ ಬಿದ್ದ ಆ ಸಪ್ಪಳ ಒಣ ಕಟ್ಟಿಗೆ ಮುರಿದಂತೆ ಕೇಳಿಸಿತು. ಭಾವ ಗಾಡಿಗೆ ಬಡಿದು ಜಾರಿದರು, ರುಮಾಲು ಮಣ್ಣಿಗೆ ಬಿತ್ತು. ಬಿದ್ದವರೇ ತಮ್ಮನ ಕಾಲು ಹಿಡಿದೆಳೆದರು. ಇಬ್ಬರೂ ಓಣಿಯ ಮಣ್ಣಿನಲ್ಲಿ ಉರುಳಾಡಿದರು.

'ನಿನ್ನ ಚಡ್ಡಿ ಹಾಕ್ಕೊಂಡು ಸಾಲಿಗಿ ಹೋದೆ! ನಿನ್ನ ಹರಕು ಕಂಬಳಿ ಹೊದ್ದೆ! ಈಗ ನನ್ನ ಗಾಡಿನೂ ನೀನೇ ಆರಿಸ್ತಿ ಏನಲೇ?'

'ಸಾಲಿ ಕಲತವ ನೀ, ಕುರಿ ಹಿಂದ ಉಳದವ ನಾ! ಚಡ್ಡಿ ಮಾತ್ ಆಡ್ತೀಯೇನೋ ಮಗನ!'

ಬಿಡಿಸಲು ಬಂದ ಹುಡುಗನ ಮೂಗಿಗೆ ಯಾರದೋ ಮೊಣಕೈ ತಾಗಿ ರಕ್ತ ಸುರಿಯಿತು. ಅವನ ಹೆಂಡತಿ ಚಹಾದ ತಾಟು ಹಿಡಿದುಕೊಂಡೇ ಕಿರುಚುತ್ತಿದ್ದಳು. ಇವರು ಎದ್ದು, ಗಾಡಿಯ ಮೆಟ್ಟಿಲ ಹತ್ತಿರ ಬಿದ್ದಿದ್ದ ಗಾಲಿ ಬಿಚ್ಚುವ ಪಾನಾ ಕೈಗೆತ್ತಿಕೊಂಡರು. ಅದನ್ನು ಅಣ್ಣನ ತಲೆಯ ಮೇಲೆ ಎತ್ತಿದಾಗ ಮಗಳು ಓಡಿಹೋಗಿ ಆ ತೋಳಿಗೆ ಜೋತುಬಿದ್ದಳು.

'ಅಪ್ಪಾ ಬ್ಯಾಡ! ದೊಡ್ಡಪ್ಪ ಸಾಯ್ತಾನ!'

ತೋಳು ಝಾಡಿಸಿದರು. ಮಗಳು ಹಾರಿಹೋಗಿ ಗಾಡಿಯ ಮೂಲೆಗೆ ಹೊಡೆದುಕೊಂಡಳು. ಅದೇ ಹುಬ್ಬು. ಅದೇ ಜಾಗದಿಂದ ರಕ್ತ. ಪಾನಾ ಇವರ ಕೈ ಜಾರಿ ಕೆಳಗೆ ಬಿತ್ತು.

ಅದನ್ನು ನಾನು ಎತ್ತಿಕೊಂಡೆ.

ನಾನು ಇವರನ್ನು ಹೊಡೆಯುತ್ತೇನೆಂದು ಎಲ್ಲರಿಗೂ ಅನಿಸಿರಬೇಕು. ಒಂದು ಗಳಿಗೆ ನನಗೂ ಹಾಗೇ ಅನಿಸಿತ್ತು. ಇವರು ಹಿಂದಕ್ಕೆ ಸರಿದರು. ಮದುವೆಯಾದಾಗಿನಿಂದ ಅವರು ನನ್ನೆದುರು ಹಿಂದೆ ಸರಿದದ್ದು ಅದೇ ಮೊದಲು. ನಾನು ಗಾಡಿಯ ಮುಂದೆ ಹೋಗಿ ಬಲಗಡೆಯ ದೀಪಕ್ಕೆ ಬೀಸಿ ಹೊಡೆದೆ. ಗಾಜು ನನ್ನ ಪಾದದ ಮೇಲೆ ಸುರಿಯಿತು. ಬಾನೆಟ್ಟಿಗೆ ಹೊಡೆದೆ, ತಗಡು ಒಳಗೆ ಹೋಯಿತು. ಮಗ್ಗುಲಿಗೆ ಹೊಡೆದೆ. ಭುಜ ಉರಿಯಿತು, ಆದರೂ ಹೊಡೆದೆ, ಉಸಿರು ಹತ್ತುವ ತನಕ.

'ಅಕ್ಕಾರ, ಅದು ಇನ್ನಾ ನಂದು ಅದ್ರೀ!' ಎಂದು ಮೂಗು ಹಿಡಿದುಕೊಂಡ ಹುಡುಗ ಅಳುದನಿಯಲ್ಲಿ ಕೂಗಿದ.

ಮಣ್ಣಿನಲ್ಲಿ ಕೂತಿದ್ದ ಭಾವ ದವಡೆ ಹಿಡಿದುಕೊಂಡೇ ಅಂದರು, 'ನಿಂದಲ್ಲೋ. ಗುರುತು ಬಿದ್ದಾದ. ಕಾಲ್ ಮುರದ್ರೂ ನಮ್ಮದೇ.'

ನಾನು ಇವರ ಕಡೆ ತಿರುಗಿದೆ. ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಆ ಓಣಿಯಲ್ಲಿ, ಮಂದಿಯ ಮುಂದೆ ಹೊರಗೆ ಬಂತು.

'ಇನ್ನ ಇದರಾಗ ಕಾಯೋದು ಏನೂ ಉಳದಿಲ್ರಿ. ಯಾರು ಕೈ ಹಚ್ಚಿದರೂ, ಯಾರು ಗೀರಿದರೂ ಕೇಳಂಗಿಲ್ಲ. ನಾನೂ ಮಗಳೂ ಹತ್ತಿದ್ರ ಇಂಥಾದ್ರಾಗೇ ಹತ್ತೋರು. ಹೊಸಾದು ತರ್ತೀನಿ ಅಂದ್ರ ತರ್ರಿ. ಒರಸ್ಕೋತ ಒಬ್ಬರೇ ತಿರುಗ್ಯಾಡ್ರಿ.'

ಇವರು ಮಗಳನ್ನು ನೋಡಿದರು. ಅವಳು ಹುಬ್ಬಿಗೆ ಓಢಣಿ ಒತ್ತಿಕೊಂಡು ಅವರನ್ನೇ ನೋಡುತ್ತಿದ್ದಳು, ಅಳುತ್ತಿರಲಿಲ್ಲ. ಬಗ್ಗಿ ಅಣ್ಣನ ರುಮಾಲು ಎತ್ತಿ ಮಣ್ಣು ಝಾಡಿಸಿದರು, ಅವರ ತೊಡೆಯ ಮೇಲಿಟ್ಟರು. ಆಮೇಲೆ ಹುಡುಗನ ಮುಂದೆ ಕೈ ಚಾಚಿದರು.

'ಕೀಲಿ ಕೊಡು ತಮ್ಮಾ.'

ಸಂಚಕಾರ ಕೊಟ್ಟಾಯಿತು. ಕಾಗದದ ಕೆಲಸ ನಾಳೆ. ಹುಡುಗನ ಹೆಂಡತಿ ಆರಿಹೋದ ಚಹಾವನ್ನೇ ಎಲ್ಲರಿಗೂ ಕೊಟ್ಟಳು, ನಾವೂ ಕುಡಿದೆವು. ಮಗಳ ಹುಬ್ಬಿಗೆ ಭಾಲ್ಕಿಯಲ್ಲೇ ಹೊಲಿಗೆ ಹಾಕಿಸಿ ಹೊರಟೆವು. ಡಾಕ್ಟರು ಏನಾಯಿತೆಂದು ಕೇಳಿದಾಗ ಬಿದ್ದೆ ಅನ್ನುತ್ತಾಳೆಂದುಕೊಂಡಿದ್ದೆ. 'ನಮ್ಮಪ್ಪ ದಬ್ಬಿದರು' ಅಂದಳು. ಇವರು ಅಲ್ಲೇ ಬಾಗಿಲಲ್ಲಿ ನಿಂತಿದ್ದರು, ಕೇಳಿಸಿಕೊಂಡರು.

ಬೀದರಿನ ತನಕ ಇವರೇ ಗಾಡಿ ಹೊಡೆದರು. ಭಾವ ಹಿಂದಿನ ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿದ್ದರು. 'ಕಂಬಳಿಕಿಂತ ಛಲೋ ಅದ' ಎಂದು ಅರ್ಧ ಬಾಯಲ್ಲಿ ಅಂದರು. ಹೊತ್ತು ಮುಳುಗುವ ಮೊದಲೇ ಮನೆ ಮುಟ್ಟಿದೆವು. ಮನೆ ಮುಂದೆ ನಿಲ್ಲಿಸಿದಾಗ ಓಣಿಯ ಹುಡುಗರು ಬಂದು ಒಡೆದ ದೀಪದ ತೂತಿನಲ್ಲಿ ಕೈ ಹಾಕಿ ನೋಡಿದರು. ಇವರು ಇಳಿದು ಅವರನ್ನು ನೋಡುತ್ತ ನಿಂತರು. ನಾನು ಇವರ ಕೈಯನ್ನೇ ನೋಡುತ್ತಿದ್ದೆ. ಕೈ ಪ್ಯಾಂಟಿನ ಜೇಬಿಗೆ ಹೋಯಿತು.

ಇವತ್ತಿಗೆ ಇಷ್ಟು. ನಾಳೆ ಹೇಗೋ ನನಗೆ ಗೊತ್ತಿಲ್ಲ. ಪಾನಾವನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಊಟಕ್ಕೆ ಬೆಳಗಿನ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಭಾವನಿಗೆ ಅಗಿಯಲಾಗದೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟೆ. ಇವರು ಅರ್ಧ ರೊಟ್ಟಿಗೇ ಕೈ ತೊಳೆದರು. ಮಗಳು ತಾಟನ್ನು ಗಾಡಿಗೇ ಒಯ್ದು ಅಲ್ಲೇ ಉಂಡಳು. ಮೊದಲು ಮಲಗಿದವಳೂ ಅವಳೇ. ಗಾಡಿಯ ಹಾಸಿಗೆಯ ಮೇಲೆ, ತೊಳೆಯದ ಕಾಲನ್ನು ಗೋಡೆಗೆ ಒತ್ತಿ, ಬಾಗಿಲಿಗೆ ಚಿಲಕ ಹಾಕದೆ.