ಕೆಂಪು ಕಾರಿನ ಕ್ಲಚ್ಚು, ಬೀರಪ್ಪನ ಬಾಯಿ

ನನಗೆ ಬೀರಪ್ಪನನ್ನು ಕಂಡರೆ ಆಗುವುದಿಲ್ಲ. ಅವನಿಗೂ ನನ್ನನ್ನು ಕಂಡರೆ ಆಗುವುದಿಲ್ಲ. ಶಿಗ್ಗಾಂವಿಯಲ್ಲಿ ಹಾನಗಲ್ ರಸ್ತೆಗೆ ನನ್ನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನ ಗ್ಯಾರೇಜು. ನಾನು ಮಾರಿದ ಬೇರಿಂಗನ್ನು ಗಿರಾಕಿಯ ಎದುರಿಗೇ ನನ್ನ ಮೇಜಿನ ಮೇಲೆ ಕುಕ್ಕಿ, "ಇದನ್ನ ಕೂಸಿನ ಆಟದ ಗಾಡಿಗೆ ಹಾಕ್ರಿ ನಾಗರತ್ನಕ್ಕಾರ, ಟ್ರ್ಯಾಕ್ಟರಿಗೆ ಬ್ಯಾಡ" ಅಂದವನು ಅವನು. ಆ ಗಿರಾಕಿ ಮತ್ತೆ ನನ್ನ ಅಂಗಡಿ ಹತ್ತಲಿಲ್ಲ.

ದುಂಡಸಿಯಿಂದ ತಾಯಿ ಯಂಕವ್ವನನ್ನು ಕಟ್ಟಿಕೊಂಡು ಬಂದವನು. ಟ್ರ್ಯಾಕ್ಟರನ್ನು ನಡುವಿಗೆ ಬೇರೆ ಮಾಡಿ ಕ್ಲಚ್ ಹಾಕುವುದರಲ್ಲಿ ಕೈ ಒಳ್ಳೆಯದೇ, ಆದರೆ ಬಾಯಿ ಕೆಟ್ಟದ್ದು. ಆ ಬಾಯಿಗೆ ಹೆದರಿ ಯಾವ ಗ್ಯಾರೇಜಿನವರೂ ಅವನನ್ನು ಇಟ್ಟುಕೊಳ್ಳಲಿಲ್ಲ. ಕೊನೆಗೆ ಹಾನಗಲ್ಲಿನ ಉಳವಪ್ಪಗೌಡರ ಜಾಗದಲ್ಲಿ ಸ್ವಂತ ಶೆಡ್ ಎಬ್ಬಿಸಿದ. ಮುಂದೆ ಗ್ಯಾರೇಜು, ಹಿಂದೆ ತಾಯಿ ಮಗನ ಸಂಸಾರ. ಅದು ಹೋದರೆ ಅವನಿಗೆ ಬೇರೆ ನೆಲೆಯಿಲ್ಲವೆಂದು ಊರಿಗೆಲ್ಲ ಗೊತ್ತು, ಗೌಡರಿಗೂ ಗೊತ್ತು.

ಗೌಡರಿಗೆ ಅಲ್ಲಿ ಭಾವಮೈದುನ ಚನ್ನೇಶನಿಗೊಂದು ಖಾನಾವಳಿ ಹಾಕಿಸಬೇಕಿತ್ತು. ಬಿಡು ಅಂದರೆ ಬೀರಪ್ಪ ಬಿಡಲಿಲ್ಲ. ಆಗ ಗೌಡರು ತಮ್ಮ ತಂದೆಯ ಕಾಲದ ಕೆಂಪು ಕಾರನ್ನು ಟ್ರೇಲರಿನಲ್ಲಿ ಹೇರಿಕೊಂಡು ಬಂದರು. ಎರಡೇ ಸೀಟು, ಸೀಟಿನ ಬೆನ್ನಿಗೆ ಇಂಜಿನ್ನು, ಅದರ ಹಿಂದೆ ಗೇರ್ ಬಾಕ್ಸು. ಕ್ಲಚ್ ಸುಟ್ಟು ದನದ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಕಾರು ಮಾಡಿದ ಕಂಪನಿಯೇ ಮುಚ್ಚಿಹೋಗಿದೆಯಂತೆ. ಯಾರನ್ನೋ ಹಿಡಿದು ಹೊರದೇಶದಿಂದ ಒಂದೇ ಒಂದು ಹೊಸ ಕ್ಲಚ್ ಪ್ಲೇಟು ತರಿಸಿದ್ದರು.

"ಇದನ್ನ ಹಾನಗಲ್ಲಿನ ತನಕ ಓಡಿಸಿದಿ ಅಂದ್ರ ಜಾಗಾ ನಿಂದು. ಇಲ್ಲಂದ್ರ ತಗಡು ಬಿಚ್ಚಿಕೊಂಡು ನಡಿಯಲೇ ಬೀರ್ಯಾ" ಅಂದರು ಗೌಡರು, ನಾಲ್ಕು ಮಂದಿಯ ಎದುರು.

"ಆತ್ರಿ ಗೌಡ್ರ. ಮಾತಿಗೆ ತಪ್ಪಬ್ಯಾಡ್ರಿ ಮತ್ತ, ನಿಮ್ಮ ಮನಿತನಕ್ಕ ಅದು ರೂಢಿ ಐತಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೆ ಈ ಇಲಿಗೆ ನಾಲಿಗೆ ಮಾತ್ರ ಮೊಳದುದ್ದ ಇತ್ತು.

ಟ್ರ್ಯಾಕ್ಟರನ್ನಾದರೆ ನೆಲದ ಮೇಲೆ ನಿಂತು ಎರಡು ಭಾಗ ಮಾಡಿ ಎಳೆದರೆ ಆಯಿತು. ಇದರದು ಹಾಗಲ್ಲ. ಹಿಂಭಾಗವನ್ನು ಜಾಕಿನಿಂದ ಎತ್ತಿ, ಮರದ ದಿಮ್ಮಿ ಕೊಟ್ಟು, ಗಾಲಿಯ ಶಾಫ್ಟು ಕಳಚಿ, ಗೇರ್ ಬಾಕ್ಸನ್ನು ಸರಪಳಿಗೆ ತೂಗುಹಾಕಿ ಹಿಂದಕ್ಕೆ ಜಗ್ಗಬೇಕು. ಬೀರಪ್ಪ ಕಾರಿನ ಕೆಳಗೆ ಅಂಗಾತ ಮಲಗಿ ಕಾರನ್ನೂ ಅದನ್ನು ಮಾಡಿದವರನ್ನೂ ಕೊಂಡವರನ್ನೂ ಬೈಯುತ್ತಿದ್ದ. ಗೋಡೆಯಾಚೆಗೆ ನಾನು ಎಲ್ಲ ಕೇಳಿಸಿಕೊಂಡೆ.

ಹೊಸ ಪ್ಲೇಟನ್ನು ಮಾತ್ರ ಸಾಬೂನು ಹಚ್ಚಿ ಕೈ ತೊಳೆದುಕೊಂಡೇ ಮುಟ್ಟಿದ. ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಬಾರದು. ತಾಗಿದರೆ ಅದು ಜಾರುತ್ತದೆ, ಇಂಜಿನ್ ಕೂಗುತ್ತದೆ, ಗಾಡಿ ಏಳುವುದಿಲ್ಲ. ಒಗೆದ ಧೋತರದ ತುಂಡಿನಲ್ಲಿ ಸುತ್ತಿ ಒಳಮನೆಯ ಗೋಡೆಯ ಮಾಡದಲ್ಲಿಟ್ಟಿದ್ದ, ಮರುದಿನ ಜೋಡಿಸಿದ.

ಗೌಡರನ್ನು ಪಕ್ಕಕ್ಕೆ ಕೂಡಿಸಿಕೊಂಡು ಕಾರು ಎಬ್ಬಿಸಿದಾಗ ರಸ್ತೆಗೆ ರಸ್ತೆಯೇ ನಿಂತು ನೋಡಿತು. ಚೆನ್ನಾಗಿಯೇ ಹೋಯಿತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಊರ ಹೊರಗಿನ ಏರಿನಲ್ಲಿ ಇಂಜಿನ್ ಒದರಿತಂತೆ, ಕಾರು ನಿಂತೇಬಿಟ್ಟಿತಂತೆ. ಸಂಜೆಗೆ ಕಬ್ಬಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದರು. ಕುಸುಬಿ ಎಣ್ಣೆಯ ಒಗ್ಗರಣೆ ಹೊತ್ತಿದ ವಾಸನೆ ನನ್ನ ಅಂಗಡಿಯವರೆಗೂ ಬಂತು.

ಮತ್ತೆ ಬಿಚ್ಚಿದ. ನೋಡಿ ನಗೋಣವೆಂದೇ ನಾನು ಹೋದೆ. ಪ್ಲೇಟು ಕರ್ರಗೆ ಸುಟ್ಟಿತ್ತು. ಅದರ ನಡುವಿನ ರಿವೆಟ್ಟಿನ ಸಂದಿಯಲ್ಲಿ ಮಾತ್ರ ಹಳದಿ ಉಳಿದಿತ್ತು. ಅವರ ಮನೆದೇವರ ಅರಿಶಿನದ ಭಂಡಾರ, ಕುಸುಬಿ ಎಣ್ಣೆಯಲ್ಲಿ ಕಲಸಿದ್ದು. ಯಂಕವ್ವ ಮನೆಗೆ ಬಂದ ಹೊಸ ಕೊಡಕ್ಕೂ ಅದನ್ನು ಹಚ್ಚುತ್ತಾಳೆ, ರಿಪೇರಿಯಾದ ಪ್ರತಿ ಟ್ರ್ಯಾಕ್ಟರಿನ ಬಾನೆಟ್ಟಿಗೂ ಹಚ್ಚುತ್ತಾಳೆ. ಬೀರಪ್ಪ ಅದನ್ನು ನೋಡಿದ. ನಾನು ನೋಡಿದ್ದನ್ನೂ ನೋಡಿದ.

"ಏನಾತಲೇ?" ಅಂದರು ಬಾಗಿಲಲ್ಲಿ ನಿಂತಿದ್ದ ಗೌಡರು.

"ನನ್ನ ಕೈಯಾಗಿನ ಗ್ರೀಸ್ ಹತ್ತೇತ್ರಿ. ತಪ್ಪು ನಂದು."

"ಭಾಳ ಮಾತಾಡ್ತಿದ್ದಿ. ನಾಳೆ ಜಾಗಾ ಖಾಲಿ ಆಗ್ಬೇಕು."

ಬೀರಪ್ಪ ಗೌಡರಿಗೆ ಬೆನ್ನು ತಿರುಗಿಸಿ ಕುಳಿತ. ಹಳದಿಯನ್ನು ಉಗುರಿನಿಂದ ಕೆರೆದು ತೆಗೆದು ಪ್ಲೇಟನ್ನು ಗುಜರಿಗೆ ಎಸೆದ.

ಮರುದಿನ ಅವನು ಏಣಿ ಹತ್ತಿ ತಗಡು ಬಿಚ್ಚುತ್ತಿದ್ದ. ಯಂಕವ್ವ ಪಾತ್ರೆಗಳ ನಡುವೆ ಕುಳಿತು, ಅವನಿಗೂ ಕೇಳುವ ಹಾಗೆ ನನಗೆ ಹೇಳಿದಳು. "ಇಂವ ಕೈ ತೊಳಕೊಳ್ಳದ ಕೆಡಿಸಿದ ನೋಡವ್ವ. ಶೆಡ್ ಉಳೀಲಿ ಅಂತ ಆ ಕಾರಿನ ಹೊಸಾ ತಟ್ಟಿಗೇ ಭಂಡಾರ ಹಚ್ಚಿದ್ನಿ. ಕಂಡ್ರ ಬೈತಾನಂತ ಸೆರಗಿಲೆ ಒರಸಿಟ್ಟಿದ್ನಿ. ಅದರ ಪುಣ್ಯೇಕ ಅಷ್ಟಾದ್ರೂ ಓಡ್ತು. ಹೌದಿಲ್ಲೋ ಬೀರಾ?"

ಏಣಿಯ ಮೇಲೆ ಬೋಲ್ಟಿನ ಪಾನಾ ನಿಂತಿತು. ಈಗ ಬೈಯುತ್ತಾನೆ ಅಂದುಕೊಂಡೆ.

"ಹೂನ್ ಬೇ. ನಿನ್ನ ಭಂಡಾರದಿಂದನ ಅಷ್ಟಾದ್ರೂ ಹೋತು" ಅಂದು ಅವನು ಮತ್ತೆ ಬೋಲ್ಟ್ ತಿರುಗಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಹೀಗೆ ಬಾಯಿ ಕಟ್ಟಿಕೊಳ್ಳಲು ಬರುತ್ತಿದ್ದವನು ಇಷ್ಟು ವರ್ಷ ನಮ್ಮನ್ನೆಲ್ಲ ಯಾಕೆ ಬೈದ? ಆಕೆಯನ್ನೊಂದು ದಿನ ಬೈಯದೇ ಇದ್ದಿದ್ದರೆ ಆಕೆ ಅದನ್ನು ಒರೆಸಿಡುತ್ತಿರಲಿಲ್ಲ, ಜೋಡಿಸುವ ಮೊದಲೇ ಅವನ ಕಣ್ಣಿಗೆ ಬೀಳುತ್ತಿತ್ತು.