ಪೆನಾಂಗಿನಲ್ಲಿ ನನ್ನ ಬಾಣಂತನ

ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿ ಮೊನ್ನೆ ನನ್ನ ಮಂಡಿಗೆ ಎಣ್ಣೆ ತಿಕ್ಕಲು ಕೂತಳು. ಎಣ್ಣೆಗೆ ಜಾಕಾಯಿ ತೇದು ಹಾಕಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನ್ಯಾಮತಿಯ ಪಡಸಾಲೆ ಬಿಟ್ಟು ಸೀದಾ ಪೆನಾಂಗಿಗೆ ಹೋಗಿಬಿಟ್ಟೆ. ನಗಬೇಡಿ, ನಾನೂ ಫಾರಿನ್ ನೋಡಿದವಳೇ!

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರದು ಅಡಿಕೆ ವ್ಯಾಪಾರ. ಮಲೇಶಿಯಾದಲ್ಲಿ ಪೆನಾಂಗ್ ಅಂತ ಊರೈತೆ, ಅವರ ಭಾಷೆಯಲ್ಲಿ ಹಂಗಂದ್ರೆ ಅಡಿಕೆ ಅಂತ ಯಾರೋ ಇವರ ಕಿವಿಗೆ ಹಾಕಿದರು. "ಅಡಿಕೇನೇ ಹೆಸರಾದ ಊರು ನೋಡದಿದ್ರೆ ಹೆಂಗೆ?" ಅಂತ ಹಟ ಹಿಡಿದು ಕರಕೊಂಡು ಹೋದರು. ಅಲ್ಲಿ ನೋಡಿದರೆ ಕಣ್ಣಿಗೆ ಬಿದ್ದದ್ದೆಲ್ಲ ತೆಂಗು. ಇವರ ಮುಖ ನೋಡಬೇಕಿತ್ತು!

ನನಗೋ ಅಲ್ಲಿ ಸೊಂಟ ಹಿಡಿದುಕೊಂಡಿತು. ಚೊಚ್ಚಲ ಹೆರಿಗೆಯಿಂದ ಅಂಟಿಕೊಂಡ ನೋವು ಅದು. ನಾವು ಇಳಿದುಕೊಂಡಿದ್ದ ಮನೆಯ ಮೀನಾಕ್ಷಿಯಮ್ಮ ಬೆಂಗಳೂರಲ್ಲಿ ಬೆಳೆದ ತಮಿಳರಾಕೆ, ಕನ್ನಡ ಬರುತ್ತಿತ್ತು. ಮೈ ನೀವುವ ಮಲಯ ಅಜ್ಜಿಯೊಬ್ಬಳನ್ನು ಕರೆಸಿದರು. ಗುರುತಿಲ್ಲದವರ ಮುಂದೆ ಸೀರೆ ಸಡಿಲಿಸೋದು ಅಂದರೆ ಸಾಮಾನ್ಯವೇನ್ರೀ? ಕೊರಳಿನ ಲಿಂಗವನ್ನಂತೂ ತೆಗೆಯೋದಿಲ್ಲ ಅಂದೆ. ಅಜ್ಜಿ ಅದನ್ನು ಮೆಲ್ಲಗೆ ಭುಜದ ಕಡೆ ಸರಿಸಿ, ಜಾಕಾಯಿ ತೇದ ಬಿಸಿ ಎಣ್ಣೆ ಹಚ್ಚಿ ನೀವಿದಳು. ಆಹಾ, ಆ ಕೈಯೇ!

ನೀವುವುದು ಮುಗಿದ ಮೇಲೆ ಎದ್ದು ಬಚ್ಚಲಿಗೆ ಹೋಗಿ ಕೂತೆ. ನಮ್ಮ ಕಡೆ ಎಣ್ಣೆ ಹಚ್ಚಿದ ಮೇಲೆ ಹಂಡೆ ನೀರು ಹುಯ್ಯದೆ ಬಿಡ್ತಾರಾ? ಕೂತೇ ಕೂತೆ, ನೀರೂ ಇಲ್ಲ, ಸೀಗೆಪುಡಿಯೂ ಇಲ್ಲ. ಹುಡುಕಿಕೊಂಡು ಬಂದ ಇಬ್ಬರೂ ಬಿದ್ದೂ ಬಿದ್ದೂ ನಕ್ಕರು.

"ಬಾಣಂತನದಾಗೆ ಹಿಂಗೇ ನೀರು ಹಾಕ್ತಿದ್ರು" ಅಂತ ನಾಚಿಕೊಂಡು ಸಮಜಾಯಿಷಿ ಕೊಟ್ಟೆ. ಮೀನಾಕ್ಷಿಯಮ್ಮ ಅದನ್ನು ಅಜ್ಜಿಗೆ ಹೇಳಿ, ಅಜ್ಜಿ ಕೇಳಿದ್ದನ್ನು ನನಗೆ ಹೇಳಿದರು: "ಎಷ್ಟು ಬಾಣಂತನ ಅಂತೆ?"

"ಎರಡು."

"ಹೆರಿಗೆನೂ ಎರಡೇನಾ?"

ಬಾಯಿಗೆ ಬಂದ 'ಎರಡು' ಯಾಕೋ ಹೊರಡಲಿಲ್ಲ. "ಮೂರು" ಅಂದೆ. "ಮೊದಲನೇದು ಹೆಣ್ಣು. ಹುಟ್ಟಿದ ದಿನಾನೇ ಹೋತು."

"ಕೂಸೇ ಇಲ್ಲ, ಇನ್ನು ಬಾಣಂತನ ಯಾರಿಗೆ ಮಾಡಾಕೆ?" ಅಂದಿದ್ದರು ಅವತ್ತು ನಮ್ಮತ್ತೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ. ಕೆಟ್ಟವರಲ್ಲ. ನನಗೆ ಎಣ್ಣೆನೀರೂ ಇಲ್ಲ, ಹೊಟ್ಟೆಗೆ ಬಟ್ಟೆ ಕಟ್ಟುವವರೂ ಇಲ್ಲ. ವಾರ ಕಳೆಯುವುದರಲ್ಲಿ ಕೊಡ ಹೊತ್ತು ನೀರಿಗೆ ಹೊರಟಿದ್ದೆ. ಆಮೇಲೆ ಆ ಮಗುವಿನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

ಮೀನಾಕ್ಷಿಯಮ್ಮನ ಬಾಯಲ್ಲಿ ಇದನ್ನೆಲ್ಲ ಕೇಳಿ ಅಜ್ಜಿ ಏನೋ ಗದರಿದಳು. "ಹೆತ್ತದ್ದು ನೀನೇ ಅಲ್ವಾ ಅಂತಾರಮ್ಮ" ಅಂದರು ಮೀನಾಕ್ಷಿಯಮ್ಮ. ಅಷ್ಟರಲ್ಲಿ ಅಜ್ಜಿ ಉದ್ದನೆಯ ಬಟ್ಟೆ ತಂದು ನನ್ನ ಹೊಟ್ಟೆಗೆ ಸುತ್ತಿ ಸುತ್ತಿ ಬಿಗಿಯಾಗಿ ಕಟ್ಟತೊಡಗಿದಳು, ನಮ್ಮೂರಲ್ಲಿ ಹಸೀ ಬಾಣಂತಿಗೆ ಕಟ್ಟುವ ಹಾಗೆಯೇ. ನಾನು ಗೊಳೋ ಅಂತ ಅತ್ತುಬಿಟ್ಟೆ. ಆ ಮಗುವಿಗಾಗಿ ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಅಜ್ಜಿಯ ಹೆಸರು ಕೇಳುವುದೂ ಮರೆತುಹೋಯಿತು ನೋಡಿ. ಆ ತಾಯಿಯ ಹೊಟ್ಟೆ ತಣ್ಣಗಿರಲಿ ಅಂತ ಇವತ್ತಿಗೂ ಕೈಮುಗಿಯುತ್ತೇನೆ.

"ನಿಮಗೆ ಎಷ್ಟು ಮಕ್ಕಳು, ಅಮ್ಮಾರೇ?" ಅಂತ ಮೊನ್ನೆ ಈ ಹುಡುಗಿ ಮಂಡಿ ತಿಕ್ಕುತ್ತ ಕೇಳಿದಳು.

"ಮೂರು" ಅಂದೆ, ಗಟ್ಟಿಯಾಗಿಯೇ. ಅಂದಮೇಲೆ ಮೆಲ್ಲಗೆ ಪಕ್ಕಕ್ಕೆ ನೋಡಿದೆ. ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಇವರಿಗೆ ಕೇಳಿಸಿಯೇ ಇರುತ್ತದೆ.

ಇವರು ಪೇಪರ್ ಮಡಿಸಿದರು. "ಹ್ಞೂಂ, ಮೂರು" ಅಂದರು ಹುಡುಗಿಗೆ. "ದೊಡ್ಡಾಕಿ ಇವಳ ಹಂಗೇ ಇದ್ಲು. ನಾನು ಎತ್ಕಂಡಿದ್ದೆ."